ರೈಲ್ವೆ ಅಂಡರ್‌ಪಾಸ್‌ನಲ್ಲಿ ನೀರು ನಿಂತರೆ ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

ರೈಲ್ವೆ ಗೇಟು ತೆಗೆದು ಅಂಡರ್‌ಪಾಸ್ ಮಾಡಿಕೊಟ್ಟ ಮೇಲೆ ಊರಿನ ಕಷ್ಟ ಮುಗಿಯಬೇಕಿತ್ತು. ಎಷ್ಟೋ ಕಡೆ ಅಲ್ಲಿಂದಲೇ ಹೊಸ ಕಷ್ಟ ಶುರುವಾಗಿದೆ. ಒಂದು ಜೋರು ಮಳೆ ಹೊಡೆದರೆ ಮೊಣಕಾಲುದ್ದ ನೀರು. ಬೈಕು ಕೆಟ್ಟು ನಿಲ್ಲುತ್ತದೆ, ಶಾಲೆಯ ವ್ಯಾನು ಸುತ್ತು ಹಾಕುತ್ತದೆ, ಕಬ್ಬಿನ ಲೋಡು ಎತ್ತರ ತಡೆಯುವ ಕಬ್ಬಿಣದ ಕಮಾನಿಗೆ ಸಿಕ್ಕಿಕೊಳ್ಳುತ್ತದೆ, ಸ್ಟೇಷನ್ನಿಗೆ ಹೊರಟವರಿಗೆ ರೈಲು ತಪ್ಪುತ್ತದೆ. ಪಂಚಾಯಿತಿಯಲ್ಲಿ ಕೇಳಿದರೆ ‘ಅದು ರೈಲ್ವೆಯವರದ್ದು’ ಅನ್ನುತ್ತಾರೆ. ರೈಲ್ವೆಯವರನ್ನು ಕೇಳಿದರೆ ‘ರಸ್ತೆ ನಮ್ಮದಲ್ಲ’ ಅನ್ನುತ್ತಾರೆ.

ಎರಡೂ ಕಡೆಯವರು ಸಹಿ ಹಾಕಿದ ಕಾಗದವೊಂದು ಇದ್ದೇ ಇರುತ್ತದೆ. ಹಳಿಯ ಕೆಳಗೆ ರಸ್ತೆ ತೆಗೆಯುವ ಮೊದಲು ರೈಲ್ವೆ ಮತ್ತು ರಸ್ತೆಯ ಇಲಾಖೆ ಸೇರಿ ‘ಜನರಲ್ ಅರೇಂಜ್‌ಮೆಂಟ್ ಡ್ರಾಯಿಂಗ್’ ಎಂಬ ನಕ್ಷೆಯನ್ನು ಒಪ್ಪಿರುತ್ತವೆ. ಕಚೇರಿಗಳಲ್ಲಿ ಇದನ್ನು ಜಿ.ಎ.ಡಿ. ಎಂದು ಕರೆಯುತ್ತಾರೆ. ರಸ್ತೆಯ ತಳಮಟ್ಟ, ಎತ್ತರ, ಇಳಿಜಾರು, ಚರಂಡಿ ಎಲ್ಲಿಗೆ ಹೋಗುತ್ತದೆ, ನೀರೆತ್ತುವ ಗುಂಡಿ ಎಲ್ಲಿದೆ ಎಂಬುದೆಲ್ಲ ಅದರಲ್ಲಿ ಇರಬೇಕು. ಖರ್ಚು ಮತ್ತು ನಿರ್ವಹಣೆ ಯಾರದೆಂಬುದು ಅದರ ಜೊತೆಗಿನ ಪತ್ರವ್ಯವಹಾರದಲ್ಲಿ ಸಿಗುತ್ತದೆ. ಮನವಿ, ಧರಣಿ, ಪತ್ರಿಕಾ ಹೇಳಿಕೆ ಯಾವುದಕ್ಕೂ ಮೊದಲು ಈ ಕಾಗದ ಕೈಗೆ ಬರಬೇಕು. ಅದಿಲ್ಲದೆ ಕೊಟ್ಟ ದೂರು ಇಲಾಖೆಯಿಂದ ಇಲಾಖೆಗೆ ತಿರುಗುತ್ತಲೇ ಇರುತ್ತದೆ.

ಜಾಗವನ್ನು ರೈಲ್ವೆಯ ಲೆಕ್ಕದಲ್ಲಿ ಗುರುತಿಸಿ

‘ನಮ್ಮೂರ ಹತ್ತಿರದ ಅಂಡರ್‌ಪಾಸ್’ ಎಂದು ಬರೆದರೆ ಯಾವುದೆಂದು ಗೊತ್ತಾಗುತ್ತಿಲ್ಲ ಎಂಬ ಉತ್ತರ ಬರುವುದು ಖಂಡಿತ. ರೈಲ್ವೆಯ ಕಡತದಲ್ಲಿ ಜಾಗಕ್ಕೆ ಗುರುತು ಮೂರು. ಲೆವೆಲ್ ಕ್ರಾಸಿಂಗ್ ಗೇಟಿನ ಸಂಖ್ಯೆ, ಸೇತುವೆಯ ಸಂಖ್ಯೆ, ಎರಡು ಸ್ಟೇಷನ್‌ಗಳ ನಡುವಿನ ಕಿಲೋಮೀಟರು. ಗೇಟು ಇದ್ದರೆ ಸಂಖ್ಯೆ ಫಲಕದ ಮೇಲೆಯೇ ಇರುತ್ತದೆ. ಅಂಡರ್‌ಪಾಸ್ ಆಗಿದ್ದರೆ ಕಾಂಕ್ರೀಟ್ ಗೋಡೆಯ ಮೇಲೆ ಬರೆದ ಸೇತುವೆ ಸಂಖ್ಯೆ ನೋಡಿ. ವಿದ್ಯುತ್ ಲೈನ್ ಇರುವ ಕಡೆ ಹಳಿಯ ಪಕ್ಕದ ಕಂಬಗಳ ಮೇಲೆ ಮೇಲ್ಗಡೆ ಕಿಲೋಮೀಟರು, ಕೆಳಗಡೆ ಕಂಬದ ಕ್ರಮಸಂಖ್ಯೆ ಬರೆದಿರುತ್ತಾರೆ. ರಸ್ತೆಯಲ್ಲೇ ನಿಂತು ಫೋನಿನಲ್ಲಿ ಹತ್ತಿರ ಮಾಡಿ ಫೋಟೊ ತೆಗೆಯಿರಿ. ಹಳಿಯ ಮೇಲೆ ಹೋಗಬೇಡಿ. ರೈಲ್ವೆ ಕಾಯ್ದೆ 1989ರ ಸೆಕ್ಷನ್ 147ರ ಪ್ರಕಾರ ಅದು ಅತಿಕ್ರಮ ಪ್ರವೇಶ, ಆರು ತಿಂಗಳವರೆಗೆ ಜೈಲು ಇಲ್ಲವೇ 1,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ಗೇಟು ತೆಗೆದು ಅಂಡರ್‌ಪಾಸ್ ಮಾಡಿದ ಕಡೆ ಹಳೆಯ ಗೇಟಿನ ಸಂಖ್ಯೆಯನ್ನು ತಪ್ಪದೆ ಬರೆಯಿರಿ, ಕಡತ ಆ ಹೆಸರಿನಲ್ಲೇ ಶುರುವಾಗಿರುತ್ತದೆ.

ಆಮೇಲೆ ಯಾವ ವಿಭಾಗ ಎಂದು ನೋಡಬೇಕು. ಕರ್ನಾಟಕದ ರೈಲೆಲ್ಲ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಸೇರಿದ್ದು ಎಂದುಕೊಂಡು ಅರ್ಜಿ ಹಾಕಿ ತಿಂಗಳು ಕಳೆದುಕೊಳ್ಳುವವರು ಬಹಳ. ಆ ವಲಯಕ್ಕೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂಬ ಮೂರು ವಿಭಾಗಗಳಿವೆ. ಆದರೆ ಮಂಗಳೂರು ಸೆಂಟ್ರಲ್ ಮತ್ತು ಮಂಗಳೂರು ಜಂಕ್ಷನ್ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದಲ್ಲಿವೆ. ಕಾರವಾರದಿಂದ ಉಡುಪಿಯವರೆಗಿನದು ಕೊಂಕಣ ರೈಲ್ವೆ. ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗಕ್ಕೆ ಸೇರಿದೆ, ಬೀದರ್ ಸಿಕಂದರಾಬಾದ್ ವಿಭಾಗಕ್ಕೆ. ಬೆಂಗಳೂರಿನಲ್ಲಿ ಬೈಯಪ್ಪನಹಳ್ಳಿ–ಹೊಸೂರು, ಯಶವಂತಪುರ–ಚನ್ನಸಂದ್ರ ಜೋಡಿಹಳಿ ಕೆಲಸದ ಜಾಗವಾದರೆ ಉಪನಗರ ರೈಲು ಕಟ್ಟುವ ಕೆ-ರೈಡ್ ಸಂಸ್ಥೆಯ ಬಳಿಯೂ ಕಾಗದ ಇರುತ್ತದೆ.

ರಸ್ತೆ ಯಾರದು ಎಂದು ತಿಳಿಯಲು ಮೈಲಿಗಲ್ಲಿನ ತಲೆಯ ಬಣ್ಣ ನೋಡಿ. ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಗ್ರಾಮೀಣ ರಸ್ತೆ. ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆ ಲೋಕೋಪಯೋಗಿ ಇಲಾಖೆಯವು. ಹಳ್ಳಿ ರಸ್ತೆ ಬಹುಪಾಲು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ್ದು. ಪಟ್ಟಣದೊಳಗಿನದು ಪುರಸಭೆ, ನಗರಸಭೆ ಅಥವಾ ಪಾಲಿಕೆಯದ್ದು.

ನೀರು ಎಲ್ಲಿಂದ ಬರುತ್ತಿದೆ ಎಂದು ಕಣ್ಣಾರೆ ನೋಡಿ

ಇದನ್ನು ಬಿಟ್ಟು ಮುಂದೆ ಹೋದರೆ ಅರ್ಜಿಯಲ್ಲಿ ತಪ್ಪು ಕಾಗದ ಕೇಳುತ್ತೀರಿ. ನೀರು ನಿಲ್ಲಲು ಮುಖ್ಯವಾಗಿ ನಾಲ್ಕು ಕಾರಣ.

ಮೊದಲನೆಯದು, ಅಂಡರ್‌ಪಾಸ್‌ನ ತಳ ಸುತ್ತಲಿನ ಚರಂಡಿಗಿಂತ ಕೆಳಗಿರುವುದು. ಅಲ್ಲಿಂದ ನೀರು ತಾನಾಗಿ ಹರಿದು ಹೋಗಲಾರದು, ಪಂಪಿನಿಂದ ಎತ್ತಲೇಬೇಕು. ಮಳೆ ಬಂದಾಗಲೇ ಕರೆಂಟು ಹೋಗುವ ನಮ್ಮೂರುಗಳಲ್ಲಿ ಜನರೇಟರ್ ಇಲ್ಲದ ಪಂಪು ಇದ್ದೂ ಇಲ್ಲದಂತೆ. ಎರಡನೆಯದು, ಇಳಿಜಾರಿನ ತುದಿಯಲ್ಲಿ ರಸ್ತೆಯನ್ನು ಒಂದಿಷ್ಟು ಎತ್ತರಿಸದೆ, ಅಡ್ಡ ಚರಂಡಿ ಹಾಕದೆ ಬಿಟ್ಟಿರುವುದು. ಆಗ ಪಕ್ಕದ ಹೊಲದ ನೀರೆಲ್ಲ ನೇರ ಒಳಗೆ ನುಗ್ಗುತ್ತದೆ. ಇಳಿಜಾರಿನ ರಸ್ತೆ ಸಾಮಾನ್ಯವಾಗಿ ರಸ್ತೆ ಇಲಾಖೆಯ ಪಾಲಿಗೆ ಬರುವುದರಿಂದ, ರೈಲ್ವೆಯ ಪಂಪಿನ ಮೇಲೆ ದೂರು ಕೊಟ್ಟರೆ ಇದು ಸರಿಹೋಗುವುದಿಲ್ಲ. ಮೂರನೆಯದು, ಕಾಂಕ್ರೀಟ್ ಪೆಟ್ಟಿಗೆಗಳ ಸಂದಿಯಿಂದ ಒಸರುವ ಅಂತರ್ಜಲ. ನಾಲೆ ನೀರಾವರಿಯ ಕಡೆ ಬೇಸಿಗೆಯಲ್ಲೂ ನೆಲ ಒದ್ದೆಯಾಗಿ, ಗೋಡೆಯ ಮೇಲೆ ಬಿಳಿ ಉಪ್ಪಿನ ಗೆರೆ ಕಾಣುತ್ತಿದ್ದರೆ ಇದೇ ಕಾರಣ. ನಾಲ್ಕನೆಯದು, ಹೊರಗಿನ ಚರಂಡಿ ಹೋಗಬೇಕಾದ ಜಾಗ ಒತ್ತುವರಿಯಾಗಿ ಮುಚ್ಚಿರುವುದು. ಆಗ ಪಂಪಿನಿಂದ ಎತ್ತಿದ ನೀರೇ ತಿರುಗಿ ಒಳಗೆ ಬರುತ್ತದೆ.

ಮಳೆ ಬೀಳುವಾಗಲೇ ದೂರದಲ್ಲಿ ನಿಂತು ನೀರು ಯಾವ ಕಡೆಯಿಂದ ಬರುತ್ತದೆ ಎಂದು ವಿಡಿಯೊ ಮಾಡಿಕೊಳ್ಳಿ. ನೀರು ಎಷ್ಟು ಎತ್ತರ ನಿಂತಿತು, ಮಳೆ ನಿಂತ ಮೇಲೆ ಎಷ್ಟು ಗಂಟೆ ಉಳಿಯಿತು, ಪಂಪು ಓಡುತ್ತಿತ್ತೇ, ಎಚ್ಚರಿಕೆ ಫಲಕ ಅಥವಾ ಕಾವಲುಗಾರ ಇದ್ದರೇ ಎಂಬುದನ್ನು ತಾರೀಖಿನ ಸಮೇತ ಬರೆದಿಡಿ. ನೀರಿಗೆ ಮಾತ್ರ ಇಳಿಯಬೇಡಿ. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ರಸ್ತೆ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬಳು ತೀರಿಕೊಂಡಳು.

ಗೇಟು ಇನ್ನೂ ಇದ್ದು ಕಾಯುವುದೇ ಕಷ್ಟವಾಗಿದ್ದರೆ, ಬೆಳಿಗ್ಗೆ ಮತ್ತು ಸಂಜೆಯ ಜನದಟ್ಟಣೆಯ ಹೊತ್ತಿನಲ್ಲಿ ಒಂದೆರಡು ವಾರ ಗೇಟು ಬಿದ್ದ ಸಮಯ, ಎದ್ದ ಸಮಯ, ನಿಂತ ವಾಹನಗಳ ಲೆಕ್ಕ, ಆಂಬುಲೆನ್ಸ್ ಸಿಕ್ಕಿಕೊಂಡರೆ ಅದರ ಸಮಯ ಬರೆದಿಡಿ. ಮೇಲ್ಸೇತುವೆ ಮಂಜೂರಾಗಲು ರೈಲ್ವೆ ನೋಡುವುದು ‘ಟಿ.ವಿ.ಯು.’ ಎಂಬ ಲೆಕ್ಕವನ್ನು. ದಿನಕ್ಕೆ ಓಡಾಡುವ ರೈಲುಗಳ ಸಂಖ್ಯೆಯನ್ನು ರಸ್ತೆ ವಾಹನಗಳ ಸಂಖ್ಯೆಯಿಂದ ಗುಣಿಸಿದ ಮೊತ್ತ ಅದು. ರೈಲ್ವೆ ಮತ್ತು ರಾಜ್ಯ ಅರ್ಧರ್ಧ ಖರ್ಚು ಹಾಕಿ ಮೇಲ್ಸೇತುವೆ ಕಟ್ಟುವುದಕ್ಕೆ ಬಹುಕಾಲದಿಂದ ಇಟ್ಟುಕೊಂಡಿರುವ ಅಳತೆ 1 ಲಕ್ಷ. ಬೈಕು, ಆಟೊಗಳನ್ನು ಇದರಲ್ಲಿ ಇಡೀ ಒಂದು ವಾಹನವೆಂದು ಎಣಿಸುವುದಿಲ್ಲ, ಹಾಗಾಗಿ ಊರಿನವರ ಎಣಿಕೆಗೂ ರೈಲ್ವೆಯ ಎಣಿಕೆಗೂ ವ್ಯತ್ಯಾಸ ಬರುತ್ತದೆ. ನಿಮ್ಮ ಪಟ್ಟಿಯಲ್ಲಿ ವಾಹನದ ಜಾತಿಯನ್ನು ಬೇರೆ ಬೇರೆಯಾಗಿ ಬರೆಯಿರಿ.

ಅರ್ಜಿಯಲ್ಲಿ ‘ಯಾಕೆ’ ಎಂದು ಕೇಳಬೇಡಿ, ‘ಪ್ರತಿ ಕೊಡಿ’ ಎಂದು ಕೇಳಿ

ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿಗಳು ಸೋಲುವುದು ಹೆಚ್ಚಾಗಿ ಈ ಒಂದು ತಪ್ಪಿನಿಂದ. ‘ನೀರು ಯಾಕೆ ನಿಲ್ಲುತ್ತಿದೆ, ಯಾವಾಗ ಸರಿಮಾಡುತ್ತೀರಿ’ ಎಂದು ಕೇಳಿದರೆ, ದಾಖಲೆಯಲ್ಲಿ ಇರುವುದನ್ನಷ್ಟೇ ಕೊಡಬೇಕು, ಹೊಸದಾಗಿ ಅಭಿಪ್ರಾಯ ತಯಾರಿಸಿ ಕೊಡಬೇಕಿಲ್ಲ ಎಂದು ಅಧಿಕಾರಿ ಬರೆಯುತ್ತಾರೆ. 2011ರಲ್ಲಿ ಸಿ.ಬಿ.ಎಸ್.ಇ. ವಿರುದ್ಧ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ಇರುವ ಕಾಗದವನ್ನು ಹೆಸರು ಹಿಡಿದು ಕೇಳಿದರೆ ಆ ದಾರಿ ಮುಚ್ಚುತ್ತದೆ. ಮಾದರಿ ಹೀಗಿರಲಿ:

*ವಿಷಯ: ____ ಮತ್ತು ____ ಸ್ಟೇಷನ್‌ಗಳ ನಡುವೆ ಕಿ.ಮೀ. ____ ರಲ್ಲಿ ಹಳೆಯ ಲೆವೆಲ್ ಕ್ರಾಸಿಂಗ್ ಸಂಖ್ಯೆ ____ ರ ಬದಲಿಗೆ ಕಟ್ಟಿರುವ ಸೇತುವೆ ಸಂಖ್ಯೆ ____ ರ ದಾಖಲೆಗಳು.*
*1. ಈ ಅಂಡರ್‌ಪಾಸ್‌ನ ಮಂಜೂರಾದ ಜನರಲ್ ಅರೇಂಜ್‌ಮೆಂಟ್ ಡ್ರಾಯಿಂಗ್‌ನ ಪ್ರತಿ.*
*2. ಗೇಟು ಮುಚ್ಚಲು ಜಿಲ್ಲಾಡಳಿತ ಅಥವಾ ರಸ್ತೆ ಇಲಾಖೆ ಕೊಟ್ಟ ಒಪ್ಪಿಗೆ ಪತ್ರ ಮತ್ತು ಅದರಲ್ಲಿ ಹಾಕಿದ ಷರತ್ತುಗಳ ಪ್ರತಿ.*
*3. ಅಂಡರ್‌ಪಾಸ್, ಇಳಿಜಾರು ರಸ್ತೆ, ಚರಂಡಿ ಮತ್ತು ಪಂಪಿನ ನಿರ್ವಹಣೆಯನ್ನು ಹಂಚಿಕೊಂಡ ಒಪ್ಪಂದ ಅಥವಾ ಹಸ್ತಾಂತರ ಪತ್ರದ ಪ್ರತಿ.*
*4. ____ ರಿಂದ ____ ರವರೆಗೆ ಪಂಪು ಓಡಿಸಿದ ದಾಖಲೆ ಪುಸ್ತಕ ಮತ್ತು ಚರಂಡಿ ಸ್ವಚ್ಛ ಮಾಡಿದ್ದಕ್ಕೆ ಪಾವತಿಸಿದ ಬಿಲ್ಲುಗಳ ಪ್ರತಿ.*
*5. ಕಾಮಗಾರಿಯ ದೋಷ ಹೊಣೆ ಅವಧಿ ಮುಗಿಯುವ ದಿನಾಂಕ ಇರುವ ದಾಖಲೆಯ ಪ್ರತಿ.*

ಗೇಟಿನ ವಿಷಯವಾದರೆ ಕೇಳಬೇಕಾದ್ದು ಗೇಟ್ ರಿಜಿಸ್ಟರ್. ಸ್ಟೇಷನ್ ಮಾಸ್ಟರು ಗೇಟ್‌ಮನ್‌ಗೆ ಫೋನು ಮಾಡಿ ಪ್ರೈವೇಟ್ ನಂಬರ್ (ಮಾತನ್ನು ಖಚಿತಪಡಿಸುವ ಗುಟ್ಟಿನ ಸಂಖ್ಯೆ) ವಿನಿಮಯ ಮಾಡಿಕೊಂಡ ಸಮಯ, ರೈಲಿನ ಸಂಖ್ಯೆ, ಗೇಟು ಮುಚ್ಚಿ ತೆರೆದ ಹೊತ್ತು ಅದರಲ್ಲಿ ದಾಖಲಾಗಿರುತ್ತದೆ. ಒಂದು ವರ್ಷದ್ದು ಕೇಳಬೇಡಿ. ನೀವು ಲೆಕ್ಕ ಬರೆದಿಟ್ಟ ದಿನಗಳದ್ದೇ, ಅದೇ ಹೊತ್ತಿನದೇ ಕೇಳಿ, ಎರಡನ್ನೂ ಪಕ್ಕಪಕ್ಕ ಇಡಬಹುದು. ಜೊತೆಗೆ ಕೊನೆಯ ಟಿ.ವಿ.ಯು. ಗಣತಿಯ ಹಾಳೆಗಳನ್ನೂ ಕೇಳಿ.

ರೈಲ್ವೆಗೆ ಕೇಂದ್ರದ ಆರ್‌ಟಿಐ ಆನ್‌ಲೈನ್ ಪೋರ್ಟಲ್‌ನಲ್ಲಿ, ರಾಜ್ಯದ ಇಲಾಖೆಗೆ ಕರ್ನಾಟಕದ ಆರ್‌ಟಿಐ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಎರಡಕ್ಕೂ ಶುಲ್ಕ 10 ರೂಪಾಯಿ. ಬಿಪಿಎಲ್ ಕುಟುಂಬದವರು ಕಾರ್ಡಿನ ಪ್ರತಿ ಲಗತ್ತಿಸಿದರೆ ಶುಲ್ಕವಿಲ್ಲ. ಕೇಂದ್ರದ ಪೋರ್ಟಲ್‌ನ ಚೌಕದಲ್ಲಿ 3,000 ಅಕ್ಷರಗಳಷ್ಟೇ ಹಿಡಿಯುತ್ತವೆ, ಅದಕ್ಕೆ ಅರ್ಜಿಯನ್ನು ಪಿಡಿಎಫ್ ಮಾಡಿ ಲಗತ್ತಿಸಿ. ಕನ್ನಡದಲ್ಲೇ ಬರೆಯಿರಿ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 6(1) ಆ ಪ್ರದೇಶದ ಅಧಿಕೃತ ಭಾಷೆಗೆ ಅವಕಾಶ ಕೊಟ್ಟಿದೆ. ಅಂಚೆಯಲ್ಲಿ ಕಳಿಸುವುದಾದರೆ 10 ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ. ಕೇಂದ್ರದ ಕಚೇರಿಗಾದರೆ ಅದರ ಮೇಲೆ ‘ಅಕೌಂಟ್ಸ್ ಆಫೀಸರ್’ ಎಂದು ಬರೆಯಬೇಕು. ಹೆಸರು ಖಾಲಿ ಬಿಟ್ಟರೆ ಅರ್ಜಿ ವಾಪಸ್ ಬರುವ ಸಂಭವವಿದೆ. ರಾಜ್ಯದ ನಿಯಮದಲ್ಲಿ ಇನ್ನೊಂದು ಕಟ್ಟುಪಾಡು ಇದೆ. ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಕೇಂದ್ರದಲ್ಲಿ ಮಿತಿ 500 ಪದ. ಮೇಲಿನ ಐದು ಅಂಶಗಳನ್ನು ಚಿಕ್ಕದಾಗಿಸಿಯೇ ಲೋಕೋಪಯೋಗಿ ಇಲಾಖೆಗೆ ಕಳಿಸಿ. ಎರಡೂ ಕಡೆಗೆ ಒಂದೇ ದಿನ ಹಾಕಿ. ಒಬ್ಬರ ಬಳಿ ‘ಸಿಗದ’ ಹಸ್ತಾಂತರ ಪತ್ರ ಇನ್ನೊಬ್ಬರ ಕಡತದಿಂದ ಹೊರಬರುವುದುಂಟು.

ಪ್ರತಿಗೆ ಪುಟಕ್ಕೆ 2 ರೂಪಾಯಿ. ಜಿ.ಎ.ಡಿ. ದೊಡ್ಡ ಹಾಳೆಯಾದ್ದರಿಂದ ಅದಕ್ಕೆ ನಿಜವಾದ ಖರ್ಚು ಕೇಳುತ್ತಾರೆ. ಹಣ ಕಟ್ಟಿ ಎಂಬ ಪತ್ರವನ್ನು ಅವರು ಕಳಿಸಿದ ದಿನದಿಂದ ನೀವು ಕಟ್ಟುವವರೆಗಿನ ದಿನಗಳು, ಮಾಹಿತಿ ಕೊಡಲು ಅವರಿಗಿರುವ 30 ದಿನದ ಲೆಕ್ಕಕ್ಕೆ ಬರುವುದಿಲ್ಲ, ಆದ್ದರಿಂದ ತಡಮಾಡಬೇಡಿ. 30 ದಿನ ಮೀರಿ ಕೊಟ್ಟರೆ ಸೆಕ್ಷನ್ 7(6)ರಂತೆ ಉಚಿತವಾಗಿ ಕೊಡಬೇಕು.

ಬರುವ ಉತ್ತರಗಳು, ಅವಕ್ಕೆ ಮರುಮಾತು

‘ನಮ್ಮ ಕಚೇರಿಗೆ ಸಂಬಂಧಿಸಿಲ್ಲ’ ಎಂದು ಅರ್ಜಿ ಮರಳಿಸಿದರೆ, ಸಂಬಂಧಪಟ್ಟ ಕಚೇರಿಗೆ ಐದು ದಿನದೊಳಗೆ ವರ್ಗಾಯಿಸುವುದು ಅವರದೇ ಕರ್ತವ್ಯ ಎಂದು ಸೆಕ್ಷನ್ 6(3) ತೋರಿಸಿ ಬರೆಯಿರಿ.

‘ಮಾಹಿತಿ ಬೃಹತ್ತಾಗಿದೆ, ಸಿಬ್ಬಂದಿ ಇಲ್ಲ’ ಎನ್ನುವುದಕ್ಕೆ ಸೆಕ್ಷನ್ 7(9) ಹಿಡಿಯುತ್ತಾರೆ. ಆ ಸೆಕ್ಷನ್ ಮಾಹಿತಿ ಕೊಡುವ ರೂಪವನ್ನು ಬದಲಿಸಲು ಅವಕಾಶ ಕೊಡುತ್ತದೆಯೇ ಹೊರತು ಕೊಡದೇ ಇರಲು ಅಲ್ಲ. ಕೂಡಲೇ ಕಡತ ವೀಕ್ಷಣೆಗೆ ದಿನ ಕೇಳಿ. ಕೇಂದ್ರದ ನಿಯಮದಲ್ಲಿ ಮೊದಲ ಗಂಟೆ ಉಚಿತ, ಆಮೇಲೆ ಗಂಟೆಗೆ 5 ರೂಪಾಯಿ. ಕಡತ ಎದುರಿಗೆ ಬಂದಾಗ ಟಿಪ್ಪಣಿ ಹಾಳೆಗಳನ್ನು ಮೊದಲು ಓದಿ. ಯಾವ ಇಂಜಿನಿಯರು ಚರಂಡಿಯ ಬಗ್ಗೆ ಆಕ್ಷೇಪ ಬರೆದಿದ್ದರು, ಅದನ್ನು ಯಾರು ದಾಟಿಸಿದರು ಎಂಬುದು ಅಲ್ಲಿರುತ್ತದೆ. ಬೇಕಾದ ಪುಟಸಂಖ್ಯೆ ಗುರುತು ಮಾಡಿಕೊಂಡು ಅಲ್ಲೇ ಪ್ರತಿಗೆ ಬರೆದುಕೊಡಿ.

‘ದಾಖಲೆ ಲಭ್ಯವಿಲ್ಲ’ ಎಂಬುದು ನಿಮ್ಮ ಕೈಗೆ ಸಿಕ್ಕ ದೊಡ್ಡ ಆಧಾರ. ನಿರ್ವಹಣೆಯ ಒಪ್ಪಂದ ತಮ್ಮ ಬಳಿ ಇಲ್ಲ ಎಂದು ಸಹಿ ಸಮೇತ ಒಪ್ಪಿಕೊಂಡಂತಾಯಿತು. ಆ ಪತ್ರವನ್ನು ಜಿಲ್ಲಾಧಿಕಾರಿಗೆ ಕೊಡುವ ಮನವಿಗೆ ಲಗತ್ತಿಸಿ.

ಉತ್ತರವೇ ಬರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಅದನ್ನು 30 ದಿನದಲ್ಲಿ, ಕಾರಣ ಬರೆದರೆ 45 ದಿನದಲ್ಲಿ ತೀರ್ಮಾನಿಸಬೇಕು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಎರಡನೇ ಮೇಲ್ಮನವಿ. ರೈಲ್ವೆಯದ್ದು ದೆಹಲಿಯ ಕೇಂದ್ರ ಮಾಹಿತಿ ಆಯೋಗಕ್ಕೆ, ರಾಜ್ಯದ್ದು ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗುತ್ತದೆ. ಆಯೋಗದಲ್ಲಿ ಸರದಿ ಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಸುಮ್ಮನೆ ಕೂರದೆ ಮುಂದಿನ ದಾರಿಗಳನ್ನೂ ಹಿಡಿಯಬೇಕು.

ದೂರು ಕೊಡುವ ಜಾಗಗಳು

ಕೈಯಲ್ಲಿ ಕಾಗದ ಬಂದ ಮೇಲೆ ದೂರಿನ ಭಾಷೆಯೇ ಬೇರೆಯಾಗುತ್ತದೆ. ‘ನೀರು ನಿಲ್ಲುತ್ತಿದೆ, ಕ್ರಮ ಕೈಗೊಳ್ಳಿ’ ಎಂಬುದರ ಬದಲು ‘ಈ ದಿನಾಂಕದ ಈ ಪತ್ರದಂತೆ ಪಂಪಿನ ನಿರ್ವಹಣೆ ನಿಮ್ಮದು. ಈ ಈ ದಿನ ಪಂಪು ಓಡಿಲ್ಲ. ಪುರಾವೆ ಲಗತ್ತಿಸಿದೆ’ ಎಂದು ಬರೆಯಬಹುದು.

ಸ್ಟೇಷನ್ ಅಥವಾ ರೈಲಿನೊಳಗಿನ ತೊಂದರೆಗೆ ರೈಲ್ವೆಯ ಸಹಾಯವಾಣಿ 139 ಅಥವಾ ದೂರಿನ ಆ್ಯಪ್ ರೈಲ್ ಮದದ್ ಸರಿ. ಅಂಡರ್‌ಪಾಸ್‌ನಂಥ ದೀರ್ಘಕಾಲದ ವಿಷಯವನ್ನು ಅಲ್ಲಿ ಹಾಕಿದರೆ ‘ಸಂಬಂಧಪಟ್ಟವರಿಗೆ ತಿಳಿಸಲಾಗಿದೆ’ ಎಂದು ಬೇಗ ಮುಚ್ಚಿಬಿಡುತ್ತಾರೆ. ಅದಕ್ಕೆ ಕೇಂದ್ರ ಸರ್ಕಾರದ ದೂರು ಪೋರ್ಟಲ್ ಆದ ಸಿಪಿಗ್ರಾಮ್ಸ್ ಮೇಲು. ಅಲ್ಲಿ ವಿಲೇವಾರಿಗೆ 21 ದಿನದ ಗಡುವು ಇದೆ, ಉತ್ತರ ಸರಿಯಿಲ್ಲದಿದ್ದರೆ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ರಾಜ್ಯದ ರಸ್ತೆಗೆ 1902ರ ಜನಸ್ಪಂದನ, ರಾಷ್ಟ್ರೀಯ ಹೆದ್ದಾರಿಗೆ 1033. ಫೋನಿನಲ್ಲಿ ಹೇಳಿದ ಪ್ರತಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಮೇಲೆ ಆ ಸಂಖ್ಯೆ ಹಾಕಿಯೇ ‘ಈ ದೂರಿನ ಮೇಲೆ ತೆಗೆದುಕೊಂಡ ಕ್ರಮದ ಕಡತದ ಪ್ರತಿ’ ಎಂದು ಆರ್‌ಟಿಐ ಹಾಕಬಹುದು.

ರಾಜ್ಯದ ಇಲಾಖೆಗಳು ಜಿಲ್ಲಾ ಉಸ್ತುವಾರಿ ಸಚಿವರ ಕೆಡಿಪಿ (ಪ್ರಗತಿ ಪರಿಶೀಲನೆ) ಸಭೆಯಲ್ಲಿ ಉತ್ತರ ಕೊಡುತ್ತವೆ, ಆದರೆ ಆ ಸಭೆಯ ಹಿಡಿತ ರೈಲ್ವೆಯ ಮೇಲಿಲ್ಲ. ಕೇಂದ್ರದ ಯೋಜನೆಗಳನ್ನು ಜಿಲ್ಲೆಯಲ್ಲಿ ಪರಿಶೀಲಿಸುವ, ಸಂಸದರ ಅಧ್ಯಕ್ಷತೆಯ ದಿಶಾ ಸಮಿತಿಯ ಪಟ್ಟಿಯಲ್ಲಿ ರೈಲ್ವೆ, ಹೆದ್ದಾರಿಗಳೂ ಇವೆ. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂರಿಸಬೇಕಾದ ಈ ವಿಷಯಕ್ಕೆ ಅದೇ ಸರಿಯಾದ ಜಾಗ. ಸಭೆಗೆ ಎರಡು ವಾರ ಮೊದಲು ಒಂದೇ ಪುಟದ ಟಿಪ್ಪಣಿ, ಜಿ.ಎ.ಡಿ. ಪ್ರತಿ, ಎರಡು ಫೋಟೊ ಸಂಸದರ ಕಚೇರಿಗೂ ಜಿಲ್ಲಾ ಪಂಚಾಯಿತಿಗೂ ತಲುಪಿಸಿ. ಸಭೆಯ ನಂತರ ನಡಾವಳಿಯ ಪ್ರತಿ ಕೇಳಿ ಪಡೆಯಿರಿ, ಬಾಯಲ್ಲಿ ಆದ ಒಪ್ಪಿಗೆ ಅದರಲ್ಲಿ ಬಿಟ್ಟುಹೋಗಿರುತ್ತದೆ. ವಿಭಾಗ ಮಟ್ಟದಲ್ಲಿ ರೈಲು ಬಳಕೆದಾರರ ಸಲಹಾ ಸಮಿತಿ ಇದೆ, ಅದರ ಸದಸ್ಯರ ಮೂಲಕವೂ ವಿಷಯವನ್ನು ಸಭೆಯ ಪಟ್ಟಿಗೆ ಸೇರಿಸಬಹುದು.

ಮಳೆಗಾಲ ಎದುರಿಗಿದ್ದು ಯಾರೂ ಅಲುಗಾಡದಿದ್ದರೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 152, ಅಂದರೆ ಹಳೆಯ ಸಿ.ಆರ್.ಪಿ.ಸಿ. 133, ಸಾರ್ವಜನಿಕ ದಾರಿಯ ಅಡಚಣೆ ತೆಗೆಸಲು ಅವರಿಗೆ ಅಧಿಕಾರ ಕೊಟ್ಟಿದೆ. ಹಣವಿಲ್ಲ ಎಂಬ ನೆಪ ಹೇಳಿ ಸ್ಥಳೀಯ ಸಂಸ್ಥೆ ಚರಂಡಿಯ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ ಎಂದು 1980ರ ರತ್ಲಾಂ ಪುರಸಭೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದೇ ಸೆಕ್ಷನ್ನಿನ ಅಡಿಯಲ್ಲಿ. ಚರಂಡಿ ಒತ್ತುವರಿಯ ಕಾರಣಕ್ಕೆ ನೀರು ನಿಲ್ಲುವ ಕಡೆ ಈ ದಾರಿ ಬಹಳ ಉಪಯುಕ್ತ. ಸಿಟ್ಟಿನಲ್ಲಿ ಗೇಟು ಮುರಿಯುವುದು, ಎತ್ತುವುದು ಮಾತ್ರ ಬೇಡ. ರೈಲ್ವೆ ಕಾಯ್ದೆಯ ಸೆಕ್ಷನ್ 160ರಲ್ಲಿ ಗೇಟು ತೆರೆದರೆ ಮೂರು ವರ್ಷ, ಮುರಿದರೆ ಐದು ವರ್ಷದವರೆಗೆ ಜೈಲಿದೆ. ರೈಲು ಬಂದರೆ ಪ್ರಾಣವೇ ಹೋಗುತ್ತದೆ.

ಸ್ಟೇಷನ್ ಬಾಗಿಲಿನಲ್ಲಿ

ಸ್ಟೇಷನ್ನಿನ ತೊಂದರೆಗಳಿಗೂ ಕಾಗದ ಹಿಡಿದು ಕೇಳುವ ಇದೇ ದಾರಿ. ಗಾಲಿಕುರ್ಚಿಯವರಿಗೆ ಇಳಿಜಾರು ಇಲ್ಲದ ಪ್ಲಾಟ್‌ಫಾರಂ, ಕೆಟ್ಟು ನಿಂತ ಲಿಫ್ಟು, ಎತ್ತರದ ಟಿಕೆಟ್ ಕಿಟಕಿ ಇವೆಲ್ಲ ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಸೆಕ್ಷನ್ 41ಕ್ಕೆ ಬರುತ್ತವೆ. ರೈಲ್ವೆಯ ಮೇಲಿನ ದೂರು ಕೇಂದ್ರದ ಮುಖ್ಯ ಆಯುಕ್ತರಿಗೆ, ಬಸ್ ನಿಲ್ದಾಣದ್ದಾದರೆ ರಾಜ್ಯ ಆಯುಕ್ತರಿಗೆ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥ ಸೌಲಭ್ಯದ ಅಳತೆಗಳು ಬರೀ ಸಲಹೆಯಾಗಿರದೆ ಕಡ್ಡಾಯವಾಗಿರಬೇಕು ಎಂದಿದೆ. ಅದನ್ನು ದೂರಿನಲ್ಲಿ ಉಲ್ಲೇಖಿಸಿ. ಲಿಫ್ಟಿನ ವಿಷಯಕ್ಕೆ ನಿರ್ವಹಣಾ ಗುತ್ತಿಗೆಯ ಪ್ರತಿ ಮತ್ತು ಕೆಟ್ಟ ದಿನಗಳ ದಾಖಲೆ ಕೇಳಿ.

ಪಾರ್ಕಿಂಗ್‌ನಲ್ಲಿ ಹೆಚ್ಚು ವಸೂಲಿ ಮಾಡಿದರೆ ರಸೀದಿ ಮತ್ತು ದರಪಟ್ಟಿಯ ಫೋಟೊ ಎರಡೂ ಬೇಕು. ಗುತ್ತಿಗೆಯ ಕರಾರು ಪತ್ರವನ್ನು ವಿಭಾಗದ ವಾಣಿಜ್ಯ ಶಾಖೆಯಿಂದ ಪಡೆಯಿರಿ, ದರವೂ ದಂಡದ ಷರತ್ತೂ ಅದರಲ್ಲಿ ಸಿಗುತ್ತವೆ. ಆಟೊ, ಟ್ಯಾಕ್ಸಿ ನಿಲ್ಲಿಸುವ ಜಾಗದ ತಕರಾರಿಗೂ ಆ ಕರಾರಿನ ನಕ್ಷೆಯೇ ಆಧಾರ.

ಕೆಲಸ ಮುಗಿದಿದೆ ಎಂಬ ಪತ್ರ ಬಂದಾಗ

ಅಂಡರ್‌ಪಾಸ್ ಸರಿಮಾಡಿದ್ದೇವೆ ಎಂಬ ಆ ಪತ್ರವನ್ನು ನಂಬಿ ಕಡತ ಮುಚ್ಚಬೇಡಿ. ಅಳತೆ ಪುಸ್ತಕದ, ಅಂದರೆ ಎಂ.ಬಿ.ಯ ಆ ಪುಟಗಳ ಪ್ರತಿ ತೆಗೆಸಿ. ಎಷ್ಟು ಮೀಟರ್ ಚರಂಡಿ, ಎಷ್ಟು ಅಶ್ವಶಕ್ತಿಯ ಎಷ್ಟು ಪಂಪು, ಜನರೇಟರ್ ಇದೆಯೇ ಎಂದು ಅದರಲ್ಲಿ ಬರೆದದ್ದನ್ನು ಜಾಗದಲ್ಲಿ ಟೇಪು ಹಿಡಿದು ತಾಳೆ ನೋಡಿ. ಮಾಹಿತಿ ಹಕ್ಕು ಕಾಯ್ದೆಯ ಸೆಕ್ಷನ್ 2(ಜೆ) ಕಾಮಗಾರಿ ಪರಿಶೀಲಿಸುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕನ್ನೂ ಕೊಟ್ಟಿದೆ. ಅದಕ್ಕೆ ಪ್ರತ್ಯೇಕ ಅರ್ಜಿ ಹಾಕಿ, ಇಂಜಿನಿಯರ ಸಮ್ಮುಖದಲ್ಲಿ ದಿನ ಗೊತ್ತುಮಾಡಿಸಿಕೊಳ್ಳಿ. ಮೊದಲ ಅರ್ಜಿಯಲ್ಲಿ ಐದನೆಯದಾಗಿ ಕೇಳಿದ ದೋಷ ಹೊಣೆ ಅವಧಿಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಆ ದಿನದೊಳಗೆ ಬಿರುಕು, ಒಸರು, ಪಂಪಿನ ದೋಷವನ್ನು ಬರಹದಲ್ಲಿ ತಿಳಿಸಿದ್ದರೆ ಗುತ್ತಿಗೆದಾರನೇ ಸ್ವಂತ ಖರ್ಚಿನಲ್ಲಿ ಸರಿಮಾಡಬೇಕು. ಅವಧಿ ಮುಗಿದ ಮೇಲಾದರೆ ಹೊಸ ಅಂದಾಜು, ಹೊಸ ಟೆಂಡರು ಎಂದು ಇನ್ನೆರಡು ಮಳೆಗಾಲ ಹೋಗುತ್ತವೆ. ಹಾಗಾಗಿ ಅವಧಿ ಮುಗಿಯುವುದಕ್ಕೆ ಎರಡು ತಿಂಗಳಾದರೂ ಮುಂಚೆ ದೋಷಗಳ ಪಟ್ಟಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಸ್ವೀಕೃತಿ ಚೀಟಿಯನ್ನು ಜಿ.ಎ.ಡಿ.ಯ ಜೊತೆಗೇ ಇಟ್ಟುಕೊಳ್ಳಿ.